ಇಂಜಿನ್ ನೀರಿನ ಕಾಫಿ

ಗಂಗೂಬಾಯಿಗೆ ಬೇಕಾಗಿದ್ದುದು ಬೆಳಿಗ್ಗೆ ಒಂದು ಬಟ್ಟಲು ಬಿಸಿ ಕಾಫಿ. ಕಾಶಿಯಾತ್ರೆಯಲ್ಲ, ಬಂಗಾರದ ಸರವಲ್ಲ, ಕಾಫಿ. ಅಷ್ಟು ಕೊಡುವುದು ಪುಣೆಯ ಸದಾಶಿವ ಪೇಟೆಯ ಆ ಮನೆಗೆ ಇಷ್ಟು ವರ್ಷವಾದರೂ ಆಗಿರಲಿಲ್ಲ.

ಹದಿನೇಳಕ್ಕೆ ಗಂಡನನ್ನು ಕಳೆದುಕೊಂಡು ಧಾರವಾಡದ ತವರಿಗೆ ಮರಳಿದವಳು ಆಕೆ. ತಮ್ಮ ಮಾರ್ತಾಂಡರಾಯರು ಪುಣೆಯಲ್ಲಿ ನೌಕರಿ ಹಿಡಿದಾಗ ಪಾತ್ರೆಪಡಗದ ಜತೆಗೆ ಆಕೆಯನ್ನೂ ಕರೆತಂದರು. ಬೋಳಿಸಿದ ತಲೆ, ಕೆಂಪು ಸೀರೆ, ಮಡಿ ಅಡಿಗೆ. ಹೀಗೇ ನಲವತ್ತು ವರ್ಷ ಕಳೆದಿತ್ತು. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು ಒಲೆ ಹೊತ್ತಿಸಿದರೆ, ದೇವರ ನೈವೇದ್ಯವಾಗಿ ಗಂಡಸರ ಊಟ ಮುಗಿಯುವ ತನಕ ಒಂದು ಬಟ್ಟಲು ಹಾಲಿನ ಹೊರತು ಆಕೆ ಬಾಯಿಗೆ ಏನೂ ಹಾಕುವಂತಿರಲಿಲ್ಲ.

ರಾಯರು ಮಾತ್ರ ದಿನಕ್ಕೆ ಮೂರು ಸಲ ಕಾಫಿ ಕುಡಿಯುತ್ತಿದ್ದರು. ಅವರ ಸೊಸೆ ಇಂದೂ ಅದನ್ನು ಪಡಸಾಲೆಯ ಇದ್ದಿಲ ಸಿಗಡಿಯ ಮೇಲೆ ಮಾಡುತ್ತಿದ್ದಳು, ಯಾಕೆಂದರೆ ಮಡಿಯ ಒಲೆಗೆ ಕಾಫಿ ತಾಗಕೂಡದು ಎಂದು ರಾಯರು ಕಟ್ಟಳೆ ಮಾಡಿದ್ದರು. ಸಿಗಡಿಯ ಕಾಫಿಯನ್ನು ಮಡಿಯಲ್ಲಿರುವ ಅಕ್ಕ ಮುಟ್ಟಕೂಡದು ಎಂಬುದೂ ಅವರದೇ ಕಟ್ಟಳೆ. ಹೀಗಾಗಿ ಆಕೆಯ ಪಾಲಿಗೆ ವಾಸನೆಯೊಂದು ಧರ್ಮಾರ್ಥ ಸಿಗುತ್ತಿತ್ತು. ಚಿಕ್ಕಂದಿನಲ್ಲಿ ಅಪ್ಪ ತನ್ನ ಲೋಟದಿಂದ ಕುಡಿಸಿದ ರುಚಿ ನಾಲಿಗೆಯ ಮೇಲೆ ಕೂತುಬಿಟ್ಟಿತ್ತು. ದಿನಾ ಬೆಳಿಗ್ಗೆ ತಲೆ ಸಿಡಿಯುತ್ತಿತ್ತು.

ಅದನ್ನು ನೋಡಲಾರದೆ ಇಂದೂ ಒಂದು ಶೀಸೆ ತಂದುಕೊಟ್ಟಳು. ಕಾಕಂಬಿಯಂಥ ಕರಿ ಪಾಕ.

"ಅತ್ಯಾ, ಇದಕ್ಕ ಒಲಿ ಬ್ಯಾಡ, ಸೋಸೂದು ಬ್ಯಾಡ. ನಿಮ್ಮ ಹಾಲಾಗ ಹಾಕಿ ಕಲಸಿದ್ರ ಕಾಫಿ ಆಗ್ತದಂತ್ರಿ. ಹಾಲು ಹೆಂಗೂ ಮಡಿಗೆ ನಡೀತದ."

ಗಂಗೂಬಾಯಿ ಒಂದು ಗುಟುಕು ಕುಡಿದು ಮುಖ ಕಿವಿಚಿದಳು. "ಇದು ಕಾಫಿ ಅಲ್ಲವ್ವಾ, ಕೆಮ್ಮಿನ ಔಷಧ."

ಆದರೆ ಹಾಲಲ್ಲಿ ಕಲಸುವ ಉಪಾಯ ಆಕೆಯ ತಲೆಗೆ ಹೊಕ್ಕಿತ್ತು. ಮರುತಿಂಗಳು ಇಂದೂನ ಗಂಡ ದಿಗಂಬರ ದೇಹೂ ರೋಡಿನಿಂದ ಒಂದು ತಗಡಿನ ಡಬ್ಬಿ ತಂದ. ಅಲ್ಲಿನ ಮಿಲಿಟರಿ ಡಿಪೋದಲ್ಲಿ ಅವನು ಕಾರಕೂನ. ಲಡಾಯಿ ಮುಗಿದು ಸೋಲ್ಜರರಿಗೆಂದು ಬಂದ ಸಾಮಾನು ಉಳಿದು ಹರಾಜಿಗೆ ಬಿದ್ದಿತ್ತು. ಡಬ್ಬಿಯಲ್ಲಿ ಕಾಫಿಯ ಪುಡಿ, ಬಿಸಿ ಬಿದ್ದರೆ ಸಾಕು ಕರಗುವಂಥದು. ಸೋಸುವ ಗೊಡವೆಯಿಲ್ಲ, ತಳದಲ್ಲಿ ಚರಟವೂ ಇಲ್ಲ.

ಮೊದಲ ದಿನ ಗಂಗೂಬಾಯಿ ಕುದಿಯುವ ಹಾಲಿಗೆ ಪುಡಿ ಸುರಿದಳು. ಅದು ಗಂಟುಗಂಟಾಗಿ ಮೇಲೆ ತೇಲಿತು. ಆಕೆಗೆ ಸಿಟ್ಟು ಬಂತು. ಇನ್ನೂರು ಎಲೆಗೆ ಕಡಲೆಹಿಟ್ಟಿನ ಜುಣಕ ಗಂಟಿಲ್ಲದೆ ಮಾಡುವವಳನ್ನು ಒಂದು ಚಮಚ ಪುಡಿ ಅಣಕಿಸುವುದೆಂದರೇನು? ಮರುದಿನ ಪುಡಿಗೆ ರೇಶನ್ನಿನ ಸಕ್ಕರೆ ಸೇರಿಸಿ, ಎರಡು ಹನಿ ಬೆಚ್ಚನೆಯ ಹಾಲು ಬಿಟ್ಟು, ಬಣ್ಣ ತಿಳಿಯಾಗುವ ತನಕ ತಿಕ್ಕಿದಳು. ಆಮೇಲೆ ಮೇಲಿನಿಂದ ಹಾಲು ಹೊಯ್ದಳು. ನೊರೆ ಎದ್ದು ಅಡಿಗೆಮನೆ ತುಂಬ ಘಮ್ಮೆಂದಿತು. ಒಲೆಯ ಮುಂದೆ ಕೂತು ಕುಡಿದಳು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು, ಅದನ್ನು ಹೊಗೆಯ ಮೇಲೆ ಹಾಕುವ ಗೋಜಿಗೂ ಆಕೆ ಹೋಗಲಿಲ್ಲ.

ಹನ್ನೊಂದು ದಿನ ಈ ಸುಖ ನಡೆಯಿತು. ಹನ್ನೆರಡನೆಯ ದಿನ ವಾಸನೆ ರಾಯರ ಮೂಗಿಗೆ ಬಡಿಯಿತು. ಹೊಸ್ತಿಲಾಚೆ ನಿಂತು ಕೂಗಾಡಿದರು.

"ಅಕ್ಕಾ, ಸೋಲ್ಜರರ ಡಬ್ಬಿ ಅಡಗಿಮನ್ಯಾಗ? ಅದರಾಗ ಏನು ಬೆರಸ್ಯಾರೋ, ಯಾರು ಮುಟ್ಯಾರೋ! ಮೊದಲ ಒಯ್ದು ಮೋರಿಗೆ ಹಾಕು."

"ಆತು," ಎಂದಳು ಗಂಗೂಬಾಯಿ. ಡಬ್ಬಿ ಮೋರಿಗೆ ಹೋಗಲಿಲ್ಲ, ತೊಗರಿಬೇಳೆಯ ಡಬರಿಯ ತಳಕ್ಕೆ ಹೋಯಿತು. ಆದರೆ ಕದ್ದು ಕುಡಿಯಲು ಆಕೆಗೆ ಮನಸ್ಸಾಗಲಿಲ್ಲ. ಕದಿಯುವುದಕ್ಕೆ ತಾನೇನು ಬೆಕ್ಕೇ? ಮತ್ತೆ ತಲೆಶೂಲೆ ಶುರುವಾಯಿತು. ಅದರ ಜತೆಗೆ ಸಿಟ್ಟೂ ಒಲೆಯ ಕೆಂಡದಂತೆ ಒಳಗೇ ಕೂತಿತು.

ವೈಶಾಖದಲ್ಲಿ ಇಂದೂನ ಮಗನ ಮುಂಜಿ ಧಾರವಾಡದಲ್ಲಿ ಗೊತ್ತಾಯಿತು. ದಿಗಂಬರ ಮಗನನ್ನು ಕರೆದುಕೊಂಡು ಮುಂದೆ ಹೋಗಿದ್ದ. ರಾಯರು, ಇಂದೂ, ಗಂಗೂಬಾಯಿ ಹಿಂದಿನಿಂದ ರೈಲು ಹತ್ತಿದರು. ಮೂರು ದಿನದ ಮಡಿ ಅಡಿಗೆಯೆಲ್ಲ ಗಂಗೂಬಾಯಿಯ ತಲೆಯ ಮೇಲೆ. ಪ್ರಯಾಣದಲ್ಲಿ ಮಡಿಯವರಿಗೆ ಹನಿ ನೀರೂ ನಡೆಯುವುದಿಲ್ಲ. ಹಾಲೂ ಇಲ್ಲ. ಪುಣೆಯಿಂದ ಧಾರವಾಡದ ತನಕ ಒಣಗಿದ ಗಂಟಲಿನಲ್ಲಿ ಕೂತು, ಇಳಿದ ಕೂಡಲೇ ಸ್ನಾನ ಮಾಡಿ ಒಲೆ ಹಚ್ಚಬೇಕು.

ಮಿರಜ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ಇಂಜಿನ್ನು ನೀರು ಕುಡಿಯಲು ನಿಂತಿತು. ರಾಯರು ಇಂದೂನಿಂದ ಥರ್ಮಾಸು ತೆಗೆಸಿಕೊಂಡು, ಮನೆಯಿಂದ ತಂದ ಕಾಫಿಯನ್ನು ಸೊರ್ ಸೊರ್ ಎಂದು ಕುಡಿದರು. ಗಂಗೂಬಾಯಿ ನೋಡಿದಳು. ರೈಲಿನ ಇಂಜಿನ್ನಿಗೂ ನೀರು ಸಿಗುತ್ತದೆ, ನನಗಿಲ್ಲ! ಎದ್ದಳು. ಗಂಟು ಬಿಚ್ಚಿ, ಬೇಳೆಯಲ್ಲಿ ಅಡಗಿಸಿದ್ದ ಆ ಕಾಫಿ ಡಬ್ಬಿಯನ್ನೂ ಒಂದು ಬಟ್ಟಲನ್ನೂ ತೆಗೆದು ಬೆಂಚಿನ ಮೇಲೆ ಇಟ್ಟಳು. ತಂಬಿಗೆ ಹಿಡಿದು ಕೆಳಗಿಳಿದಳು.

"ಎಲ್ಲಿಗೆ?" ರಾಯರು ಕೇಳಿದರು.

"ನೀರಿಗೆ."

ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕೆಂಪು ಸೀರೆಯ ಮುದುಕಿ ನಡೆದುಹೋದಳು. ಜನ ಕಿಟಕಿಗಳಿಂದ ಕತ್ತು ಹೊರಹಾಕಿ ನೋಡಿದರು. ಆಕೆ ಸೀದಾ ಇಂಜಿನ್ನಿನ ಹತ್ತಿರ ನಿಂತು ಮರಾಠಿಯಲ್ಲಿ ಡ್ರೈವರನಿಗೆ ಬಿಸಿನೀರು ಕೇಳಿದಳು. ಅವನು ಮಾಸಿದ ಕೈ ಚಾಚಿ ತಂಬಿಗೆ ಇಸಿದುಕೊಂಡ. ನಲ್ಲಿ ತಿರುಗಿಸಿದಾಗ ಬುಸ್ ಎಂದು ಹಬೆ ಎದ್ದು ತಂಬಿಗೆ ತುಂಬಿತು. ಹಾಗೇ ವಾಪಸು ಬಂದು, ಬೆಂಚಿನ ಮೇಲೆ ಕೂತು, ಪುಡಿ ತಿಕ್ಕಿ, ನೀರು ಹೊಯ್ದು, ರೈಲು ಬೋಗಿಯ ಎಲ್ಲ ಜನ ನೋಡುತ್ತಿರುವಾಗ ಕುಡಿದಳು. ಹಾಲಿಲ್ಲ, ಕಲ್ಲಿದ್ದಲ ವಾಸನೆ ಬೇರೆ. ಆದರೂ ಕಾಫಿ ಕಾಫಿಯೇ.

ರಾಯರ ಮುಖ ಕೆಂಪಾಯಿತು. "ಯಾರ ಕೈಯಾಗಿನ ನೀರು ಅದು? ಮಡಿ ಹಾಳಾಗಿ ಹೋತು! ಇನ್ನ ನಿನ್ನ ಕೈ ಅಡಗಿ ದೇವರಿಗೆ ನಡೆಯೂದಿಲ್ಲ, ತಿಳೀತಾ?"

"ತಿಳೀತು," ಎಂದಳು ಗಂಗೂಬಾಯಿ. "ಭಾಳ ಚಲೋ ಆತು. ನಲವತ್ತು ವರ್ಷದಾಗ ಎಷ್ಟು ಮುಂಜಿ ಆದವು, ಒಂದೂ ನೋಡಿಲ್ಲ ನಾ. ಹೊಗಿ ಅಷ್ಟ ನೋಡೇನಿ. ಈ ಸಲ ಮುಂದ ಕೂತು ನೋಡ್ತೀನಿ. ಅಡಗಿಗೆ ಯಾರನ್ನರೆ ಹುಡುಕ್ಕೋ."

ರಾಯರು ಬೆರಳು ಮಡಿಚಿ ಲೆಕ್ಕ ಹಾಕಿದರು. ನಾಳೆಗೆ ಇನ್ನೂರು ಎಲೆ. ಮಠದ ಆಚಾರ್ಯರು ಊಟಕ್ಕೆ ಬರುವವರು. ಧಾರವಾಡದಲ್ಲಿ ಮುಹೂರ್ತದ ಹಂಗಾಮಿನಲ್ಲಿ ಮಡಿ ಅಡಿಗೆಯವರು ಎಲ್ಲಿ ಸಿಗಬೇಕು? ಅವರ ದನಿ ಇಳಿಯಿತು.

"ಹಂಗ ಅಲ್ಲ ಅಕ್ಕಾ. ಊರಿಗೆ ಹೋದಮ್ಯಾಲೆ ಸ್ನಾನ ಮಾಡಿ ಪಂಚಗವ್ಯ ತೊಗೊ. ಶುದ್ಧ ಆಗ್ತದ. ಯಾರಿಗೂ ಹೇಳೂದು ಬ್ಯಾಡ."

"ತಪ್ಪು ಮಾಡಿದವರು ಪಂಚಗವ್ಯ ತೊಗೋತಾರ. ನಾ ಕಾಫಿ ಕುಡದೀನಿ." ಬಟ್ಟಲನ್ನು ಬೆಂಚಿನ ಮೇಲೆ ಕುಕ್ಕಿದಳು. "ನಾಳಿಂದ ಒಲಿ ಹಚ್ಚೂಕಿಂತ ಮೊದಲ ಕುಡೀತೀನಿ. ಅಡಗಿಮನ್ಯಾಗ ಕೂತು ಕುಡೀತೀನಿ. ಮಡಿ ಕೆಟ್ಟದ ಅಂದ್ರ ನಾ ಅಡಗಿ ಮಾಡೂದಿಲ್ಲ. ಕೆಟ್ಟಿಲ್ಲ ಅಂದ್ರ ಈಗ ಹೇಳು, ಎಲ್ಲಾರಿಗೂ ಕೇಳೂಹಂಗ ಹೇಳು."

 ಇಂದೂ ತಲೆ ತಗ್ಗಿಸಿ, ಸೆರಗಿನ ತುದಿ ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದಳು. ರಾಯರು ಕಿಟಕಿಯ ಕಡೆ ನೋಡಿದರು, ತಮ್ಮ ಚಪ್ಪಲಿ ನೋಡಿದರು.

"ಕೆಟ್ಟಿಲ್ಲ."

"ಕೇಳಸಲಿಲ್ಲ."

"ಅಕ್ಕನ ಮಡಿ ಕೆಟ್ಟಿಲ್ಲ!" ರಾಯರು ಗದರಿದಂತೆ ಹೇಳಿದರು.

"ಹಂಗಾದ್ರ ನೀರು ಇನ್ನೂ ಬೇಕು. ಇಂದೂನೂ ಕುಡೀತಾಳ," ಎಂದು ಗಂಗೂಬಾಯಿ ತಂಬಿಗೆಯನ್ನು ತಮ್ಮನ ಕೈಗೆ ಕೊಟ್ಟಳು. "ನನ್ನ ಮೊಳಕಾಲು ನೋಯಸ್ತಾವ. ನೀ ಹೋಗಿ ಬಾ. ಡ್ರೈವರ ಮರಾಠಿ ಮಾತಾಡ್ತಾನ."

 ರಾಯರು ಧೋತರದ ಚುಂಗು ಎತ್ತಿ ಕಟ್ಟಿ ಕೆಳಗಿಳಿದರು. ಗಂಗೂಬಾಯಿ ಕಿಟಕಿಯ ಪಕ್ಕಕ್ಕೆ ಸರಿದು ಕೂತು, ತಮ್ಮನು ಇಂಜಿನ್ನಿನ ಕಡೆ ನಡೆದು ಹೋಗುವುದನ್ನು ನೋಡಿದಳು. ಆಕೆಗೆಂದು ಯಾರಾದರೂ ನೀರು ತರಲು ಹೋಗಿದ್ದು ಅದೇ ಮೊದಲ ಸಲ.