ಸೊನ್ನೆಯಿಂದ ನಾಲ್ಕು ಕಿಲೋಮೀಟರು ದೂರದ ಅಡುಗೆಮನೆ

ಶಿಶುವಿಹಾರ ತೆರೆದುಕೊಳ್ಳಲು ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಶಿಶುವಿಹಾರವೆಂದರೆ ಕಟ್ಟಡವಲ್ಲ, ಕಂಪ್ಯೂಟರಿನಲ್ಲಿದ್ದ ಅದರ ನಕ್ಷೆಯ ಫೈಲು. ಕಟ್ಟಡ ಇನ್ನೂ ಎದ್ದಿರಲಿಲ್ಲ. ಫೈಲು ಹೀಗೇ ತೆವಳಿದರೆ ಅದರಲ್ಲಿ ಆಡಬೇಕಾದ ಮಕ್ಕಳಿಗೆ ಅಷ್ಟರಲ್ಲಿ ಮೀಸೆ ಬಂದಿರುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಬೊರ್ಯಾನಾ ಅದನ್ನು ತೆರೆಯಲು ಒತ್ತಿ, ಕಾಫಿ ಕಾಸಿ, ಕುಡಿದು, ಲೋಟ ತೊಳೆದು ಬಂದಳು. ಸ್ಕ್ರೀನಿನ ಮೇಲೆ ಚಕ್ರ ಇನ್ನೂ ಸುತ್ತುತ್ತಿತ್ತು. ರೂಸೆ ಊರಿನ ಆ ಸಣ್ಣ ನಕ್ಷೆ ಕಚೇರಿಗೆ ಅವಳೇ ಯಜಮಾನಿ. ಸಂಜೆ ನಾಲ್ಕಕ್ಕೆ ನಗರಸಭೆಯ ಕಿಟಕಿ ಮುಚ್ಚುವುದರೊಳಗೆ ನಕ್ಷೆ ಸಲ್ಲಿಕೆಯಾಗಬೇಕಿತ್ತು.

"ಬಾಯ್ ಅಸ್ಪರುಖ್," ಎಂದು ಕೂಗಿದಳು, "ನಿಮ್ಮ ರೋಗಿ ಮತ್ತೆ ಮಲಗಿದಾನೆ."

"ಉಸಿರಾಡ್ತಿದಾನಾ?"

"ಹನ್ನೊಂದು ನಿಮಿಷಕ್ಕೊಂದು ಸಲ."

ಅಸ್ಪರುಖನಿಗೆ ಐವತ್ತೇಳು, ಹಿರಿಯನೆಂದು ಎಲ್ಲರೂ ಅವನನ್ನು ಅಣ್ಣ ಎಂಬಂತೆ "ಬಾಯ್" ಎನ್ನುತ್ತಿದ್ದರು. ಪ್ರಿಂಟರಿನ ಪಕ್ಕದ ಮೂಲೆ ಅವನದು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಗೆರೆ ಎಳೆಯುತ್ತಿದ್ದರೂ ಕಚೇರಿಗೆ ಅವನು ಮುಖ್ಯವಾಗಿ ಫೈಲುಗಳ ವೈದ್ಯ. ಫೈಲು ಚೆನ್ನಾಗಿದ್ದ ದಿನ ಅವನ ಮೇಜಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅವನು ಡಬ್ಬಿಯ ಬೀನ್ಸ್ ಸಾರನ್ನು ಒಬ್ಬನೇ ತಿಂದು, ಡಬ್ಬಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆಯುತ್ತಿದ್ದ.

ಎದುರು ಮೇಜಿನ ಪ್ಲಾಮೆನ್ ಕುರ್ಚಿ ತಿರುಗಿಸಿದ. "ಭಾನುವಾರ ಹೂವಿನ ಹಬ್ಬ, ಬಾಯ್. ಹೂವಿನ ಹೆಸರಿನವರಿಗೆಲ್ಲ ಹೆಸರಿನ ದಿನ, ನೆವೆನಾ ಅವರಿಗೂ. ಹೋಗ್ತೀರಾ?"

"ನೀನು?"

"ನಂಗೆ ಅತ್ತೆ ಮನೇಲಿ ಇಬ್ಬರು ಲಿಲ್ಯಾನಾ, ಒಬ್ಬಳು ರೋಜಾ. ಮೂರು ಕೇಕು. ನಿಮಗೇನು, ಆರಾಮು. ಹೆಸರಿನ ದಿನಾನೇ ಇಲ್ಲದ ಮನುಷ್ಯ."

ಅದು ನಿಜ. ಅಪ್ಪನಿಗೆ ಇತಿಹಾಸದ ಹುಚ್ಚಿತ್ತು. ಮಗನಿಗೆ ಕ್ರೈಸ್ತನಾಗದೆ ಸತ್ತ ಹಳೇ ಅರಸನ ಹೆಸರಿಟ್ಟಿದ್ದ. ಅಂಥವನಿಗೆ ಚರ್ಚು ಯಾವ ದಿನವನ್ನೂ ಬಿಟ್ಟುಕೊಟ್ಟಿಲ್ಲ. ಊರಿನಲ್ಲಿ ಉಳಿದವರ ಮನೆಗೆಲ್ಲ ವರ್ಷಕ್ಕೊಮ್ಮೆ, ಅವರ ಹೆಸರಿಗೆ ಚರ್ಚು ಕೊಟ್ಟ ಹಬ್ಬದಂದು, ಕರೆಯದೆಯೇ ಜನ ಬರುತ್ತಾರೆ, ಅಸ್ಪರುಖನ ಮನೆಗೆ ಕರೆದರೆ ಬರಬಹುದಿತ್ತು. ಕರೆಯುವುದು ಅವನಿಗೆ ಗೊತ್ತಿರಲಿಲ್ಲ.

ನೆವೆನಾ ಅವನ ಪಕ್ಕದ ಮೇಜಿನಲ್ಲಿ ಇಪ್ಪತ್ತು ವರ್ಷ ಕೂತಿದ್ದವಳು. ಆ ಇಪ್ಪತ್ತು ವರ್ಷವೂ ಇಬ್ಬರೂ ಒಬ್ಬರಿಗೊಬ್ಬರು "ನೀವು" ಎಂದೇ ಅಂದುಕೊಂಡರು. ಎರಡು ವರ್ಷದ ಹಿಂದೆ ಅವಳು ನಿವೃತ್ತಳಾದಳು. ಹೋದ ವರ್ಷ ಅವಳ ಹೆಸರಿನ ದಿನ ಅಸ್ಪರುಖ್ ಏಳು ಟ್ಯುಲಿಪ್ ಹಿಡಿದು ಅವಳ ಕಟ್ಟಡದ ಮೆಟ್ಟಿಲವರೆಗೆ ಹೋಗಿದ್ದ. ಮೂರನೇ ಮಹಡಿಯಿಂದ ನಗು ಕೇಳಿಸಿತು, ತುಂಬ ಜನರ ನಗು. ತಿರುಗಿ ಬಂದು ಹೂವನ್ನು ತನ್ನ ಅಡುಗೆಮನೆಯ ನೀರಿನ ಜಗ್ಗಿನಲ್ಲಿಟ್ಟುಕೊಂಡ. ಅವು ಎಂಟು ದಿನ ಇದ್ದವು.

"ನೋಡೋಣ," ಎಂದು ಪ್ಲಾಮೆನ್‌ಗೆ ಹೇಳಿ ರೋಗಿಯ ಕಡೆ ತಿರುಗಿದ.

ಈ ಎರಡು ವರ್ಷ ಕಚೇರಿಯ ಫೈಲುಗಳೆಲ್ಲ ಹೀಗೇ ತೆವಳುತ್ತಿದ್ದವು. ಅವನು ಮೊದಲು ಯಂತ್ರವನ್ನು ಬೈದ. ಬೊರ್ಯಾನಾ ಹೊಸ ಮೆಮೊರಿ ಹಾಕಿಸಿದಳು. ಆಮೇಲೆ ನೆಟ್‌ವರ್ಕನ್ನು ಬೈದ. ಅವಳು ತಂತಿ ಬದಲಿಸಿದಳು. ಇನ್ನು ಬೈಯಲು ಏನೂ ಉಳಿದಿರಲಿಲ್ಲವಾದ್ದರಿಂದ ಈ ಸಲ ಫೈಲಿನೊಳಗೇ ಇಳಿದ. ಬಳಸದ ಗುರುತುಗಳನ್ನು ಗುಡಿಸಿದ. ಕಾಣೆಯಾದ ಫೈಲುಗಳಿಗೆ ಕಟ್ಟಿದ್ದ ಕೊಂಡಿಗಳನ್ನು ಕತ್ತರಿಸಿದ. ಗುಣವಾಗಲಿಲ್ಲ. ಕೊನೆಗೆ, ಫೈಲಿನಲ್ಲಿರುವುದೆಲ್ಲ ಒಟ್ಟಿಗೆ ಕಾಣಲಿ ಎಂದು ನಕ್ಷೆಯನ್ನು ಸ್ಕ್ರೀನಿನ ಮೇಲೆ ಕುಗ್ಗಿಸಿದ.

ಶಿಶುವಿಹಾರ ಎಡಮೂಲೆಯಲ್ಲಿ ಸೊಳ್ಳೆಯಷ್ಟಾಯಿತು. ಬಲಮೂಲೆಯಲ್ಲಿ ಇನ್ನೊಂದು ಸೊಳ್ಳೆ ಕೂತಿತ್ತು.

ಹತ್ತಿರ ಹೋಗುವ ಅಗತ್ಯವಿರಲಿಲ್ಲ. ಅದು ಅವನ ಮನೆ.

ಹದಿನೇಳು ವರ್ಷದ ಹಿಂದೆ, ಊಟದ ಬಿಡುವಿನಲ್ಲಿ, ಬಸಾರ್ಬೊವೊದಲ್ಲಿದ್ದ ಅಪ್ಪನ ದ್ರಾಕ್ಷಿ ತೋಟದಲ್ಲಿ ಕಟ್ಟಲೆಂದು ಬರೆದಿದ್ದ ಮನೆ. ಯಾರ ಪ್ರಿಂಟಿನಲ್ಲೂ ಬೀಳದಿರಲಿ ಎಂದು, ನಕ್ಷೆಯ ಅಳತೆ ಶುರುವಾಗುವ ಸೊನ್ನೆ ಬಿಂದುವಿನಿಂದ ನಾಲ್ಕು ಕಿಲೋಮೀಟರು ದೂರದಲ್ಲಿ ಬರೆದಿದ್ದ. ತೋಟ ಆಮೇಲೆ ಅಣ್ಣನ ಪಾಲಿಗೆ ಹೋಯಿತು, ಮನೆ ಫೈಲಿನಲ್ಲೇ ಉಳಿಯಿತು. ಆ ಕಚೇರಿಯಲ್ಲಿ ಯಾರೂ ಖಾಲಿ ಹಾಳೆಯಿಂದ ಶುರುಮಾಡುವವರಲ್ಲ. ಹಿಂದಿನ ಕಟ್ಟಡದ ಫೈಲನ್ನು ನಕಲು ಮಾಡಿ, ಕಟ್ಟಡ ಅಳಿಸಿ, ಅದೇ ಜಾಗದಲ್ಲಿ ಹೊಸದನ್ನು ಎಳೆಯುವುದು ಪದ್ಧತಿ. ಹೀಗೆ ಅವನ ಮನೆ ಬಸ್ ನಿಲ್ದಾಣ, ದಂತ ಚಿಕಿತ್ಸಾಲಯ, ಎರಡು ಔಷಧಿ ಅಂಗಡಿ, ಒಂದು ಅಂತ್ಯಕ್ರಿಯೆಯ ಸಭಾಂಗಣ ಎಲ್ಲವುಗಳ ಬೆನ್ನಿಗಂಟಿಕೊಂಡು ಊರೆಲ್ಲ ಸುತ್ತಿತ್ತು.

ಮನೆಯನ್ನು ಬೇರೆ ಫೈಲಿಗೆ ಸಾಗಿಸಿ, ಇಲ್ಲಿಂದ ಅಳಿಸಿ, ಶಿಶುವಿಹಾರವನ್ನು ಮುಚ್ಚಿ ತೆರೆದ. ಒಂಬತ್ತು ಸೆಕೆಂಡು.

"ದೇವರು ನಿಮ್ಮ ಕೈಗೆ ಆಯುಸ್ಸು ಕೊಡಲಿ," ಎಂದಳು ಬೊರ್ಯಾನಾ, ಆಗಲೇ ಕೋಟು ಹಾಕಿಕೊಳ್ಳುತ್ತ. "ಏನಾಗಿತ್ತು?"

"ಹಳೇದೊಂದು ಸೇರ್ಕೊಂಡಿತ್ತು."

"ಯಾರ್ದು?"

ಅಸ್ಪರುಖ್ ಕನ್ನಡಕ ಒರೆಸಿದ. "ನೋಡ್ಬೇಕು."

"ಸಿಕ್ಕಿದ್ರೆ ಹೇಳಿ. ಎರಡು ವರ್ಷದಿಂದ ದಿನಾ ಹನ್ನೊಂದು ನಿಮಿಷ ತಿಂದಿದಾನೆ. ಕಚೇರಿಗೆಲ್ಲ ಚೀಸಿನ ಬಾನಿತ್ಸಾ ತಿನ್ನಿಸ್ಲಿ."

ಅವಳು ಹೋದಳು. ಪ್ಲಾಮೆನ್ ಊಟಕ್ಕೆ ಎದ್ದ. ಅಸ್ಪರುಖ್ ತನ್ನ ಮನೆಯ ಎದುರು ಒಬ್ಬನೇ ಕೂತ.

ತಪ್ಪು ಯಾವುದೆಂದು ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದ. ಅಂಗಳದ ದ್ರಾಕ್ಷಿ ಚಪ್ಪರಕ್ಕೆ ಅವನು ಒಂದೊಂದೇ ಎಲೆಯನ್ನು ಕೈಯಾರೆ ಎಳೆದಿದ್ದ. ನಾಲ್ಕು ಸಾವಿರದ ಇನ್ನೂರ ಹದಿನಾರು ಎಲೆ, ಒಂದರಂತೆ ಇನ್ನೊಂದಿರಲಿಲ್ಲ. ಮನೆಯಲ್ಲಿ ಕಾಯುವವರಿಲ್ಲದವನ ಊಟದ ಬಿಡುವು ಉದ್ದವಿರುತ್ತದೆ. ಫೈಲನ್ನೇ ಪೂರ್ತಿ ಅಳಿಸಿಬಿಡೋಣವೆನ್ನಿಸಿತು. ಆದರೆ ವೈದ್ಯನಲ್ಲವೇ, ರೋಗ ಎಷ್ಟಿತ್ತೆಂದು ಅಳೆಯದೆ ಮನಸ್ಸು ಕೇಳಲಿಲ್ಲ. ಒಂದು ನಕಲು ಮಾಡಿಕೊಂಡು ಎಲೆಗಳನ್ನಷ್ಟೇ ತೆಗೆದು, ಮನೆಯನ್ನು ತೆರೆದ.

ಹತ್ತೂವರೆ ನಿಮಿಷ.

ಎಲೆಗಳು ನಿರಪರಾಧಿಗಳು. ಹದಿನೇಳು ವರ್ಷದ ಒಂಟಿತನದ ತೂಕ ಬರೇ ಮೂವತ್ತು ಸೆಕೆಂಡು. ಅವನಿಗೆ ಸ್ವಲ್ಪ ಬೇಜಾರೇ ಆಯಿತು.

ಹಾಗಾದರೆ ಉಳಿದದ್ದು? ಒಂದೊಂದೇ ಕೋಣೆ ತೆಗೆದು ನೋಡತೊಡಗಿದ. ಮಲಗುವ ಕೋಣೆ ಹೋಯಿತು, ವ್ಯತ್ಯಾಸವಿಲ್ಲ. ಬಚ್ಚಲು ಹೋಯಿತು, ಇಲ್ಲ. ಅಡುಗೆಮನೆ ತೆಗೆದದ್ದೇ ತಡ, ಮನೆ ಕಣ್ಣು ಮಿಟುಕಿಸುವುದರೊಳಗೆ ತೆರೆಯಿತು.

ಅಡುಗೆಮನೆಯಲ್ಲಿ ಒಂದು ಒಲೆಯಿತ್ತು. ಮೇಲಿನಿಂದ ನೋಡಿದರೆ ಒಂದು ಚೌಕ, ನಾಲ್ಕು ಬಳೆ. ಓರೆ ಮಾಡಿ ನೋಡಿದಾಗ ಅಸ್ಪರುಖ್ ಬಾಯಿ ತೆರೆದ. ಯಾವುದೋ ಕಾರ್ಖಾನೆಯವರು ತಯಾರಿಸಿದ ಪೂರ್ಣ ಮಾದರಿ. ಒಳಗಿನ ಪ್ರತಿ ಸ್ಕ್ರೂ, ಪ್ರತಿ ಸ್ಪ್ರಿಂಗು, ಅನಿಲದ ಒಂದೊಂದು ತೂತು. ತೆರೆದಾಗಲೆಲ್ಲ ಕಂಪ್ಯೂಟರು ಕಟ್ಟಬೇಕಾದ ಮೂರು ಲಕ್ಷ ಮೇಲ್ಮೈ. ಅವನು ಎಳೆದಿದ್ದ ಒಲೆ ಕಿಟಕಿಯ ಕೆಳಗಿತ್ತು. ಅದನ್ನು ಯಾರೋ ಕಿತ್ತು, ಇದನ್ನು ಎದುರು ಗೋಡೆಗೆ ಕೂರಿಸಿದ್ದರು. ಮೇಜಿನ ಹತ್ತಿರ ಅವನು ಒಂದೇ ಕುರ್ಚಿ ಬರೆದಿದ್ದ, ಬೇಕಾದಾಗ ನಕಲು ಮಾಡಿದರಾಯಿತೆಂದು. ಈಗ ಎರಡಿದ್ದವು.

ಒಲೆಯನ್ನು ಮುಟ್ಟಿ, ಅದು ಯಾವ ಪದರದಲ್ಲಿದೆಯೆಂದು ನೋಡಿದ. ನಕ್ಷೆಯ ಪ್ರತಿ ವಸ್ತುವೂ ಎಳೆದವರು ಹೆಸರಿಟ್ಟ ಒಂದು ಪದರದಲ್ಲಿರುತ್ತದೆ, ಆ ಕಚೇರಿಯಲ್ಲಿ ಆ ಹೆಸರಿನಿಂದಲೇ ಕೈಯ ಗುರುತು ಸಿಗುತ್ತದೆ. ಬೊರ್ಯಾನಾ ಸಂಖ್ಯೆ ಹಾಕುತ್ತಾಳೆ, ಪ್ಲಾಮೆನ್ ಫುಟ್‌ಬಾಲ್ ಆಟಗಾರರ ಹೆಸರು. ಪೂರ್ತಿ ವಾಕ್ಯ ಬರೆಯುತ್ತಿದ್ದವಳು ಒಬ್ಬಳೇ.

"ಒಲೆ ಕಿಟಕಿ ಕೆಳಗೆ ಬೇಡ, ಕರ್ಟನ್‌ಗೆ ಬೆಂಕಿ ಹತ್ತುತ್ತೆ," ಎಂದಿತ್ತು ಪದರದ ಹೆಸರು.

ಕುರ್ಚಿಯ ಪದರಕ್ಕೆ: "ನಿಂತುಕೊಂಡು ತಿನ್ನೋಕಾಗಲ್ಲ."

ಹಳೆಯ ಫೈಲುಗಳನ್ನು ಹುಡುಕಿದ. ಎರಡನೇ ಔಷಧಿ ಅಂಗಡಿ ನೆವೆನಾಳ ಕೊನೆಯ ಕೆಲಸ. ಅದರ ಮಾರ್ಚ್ ಇಪ್ಪತ್ತೊಂಬತ್ತರ ಪ್ರತಿಯಲ್ಲಿ ಒಲೆಯಿಲ್ಲ, ಮೂವತ್ತರದ್ದರಲ್ಲಿದೆ. ಮೂವತ್ತು ಅವಳ ಕೊನೆಯ ದಿನ. ಎಲ್ಲರೂ ಬೀಳ್ಕೊಡುಗೆಯ ಕೇಕು ತಿನ್ನುತ್ತಿದ್ದಾಗ ಅವನು ಪ್ರಿಂಟರಿನ ಹೊಟ್ಟೆಯಿಂದ ಕಾಗದ ಎಳೆಯುತ್ತಿದ್ದ. ಅವಳು ಆ ಹೊತ್ತಿಗೆ ಅವನ ಮನೆಗೆ ಒಲೆ ಹೊತ್ತು ತರುತ್ತಿದ್ದಳು. ಭಾರವಾದದ್ದನ್ನೇ ಆರಿಸಿದ್ದಳು. ಫೈಲು ತೆವಳಿದರೆ ಅದನ್ನು ಯಾರ ಮೇಜಿಗೆ ತರುತ್ತಾರೆಂದು ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಅವನು ಯಂತ್ರವನ್ನು ಬೈದಿದ್ದ. ನೆಟ್‌ವರ್ಕನ್ನು ಬೈದಿದ್ದ.

ಭಾನುವಾರ ಅಸ್ಪರುಖ್ ಏಳು ಟ್ಯುಲಿಪ್ ಕೊಂಡ. ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಟ್ಟ. ಈ ಸಲ ಮೇಲಿನಿಂದ ನಗು ಬರಲಿಲ್ಲ. ನಿವೃತ್ತಿಯ ಮೊದಲ ವರ್ಷ ಎಲ್ಲರೂ ಬರುತ್ತಾರೆ, ಎರಡನೇ ವರ್ಷ ಎಲ್ಲರಿಗೂ ಎಲ್ಲೋ ಮೂರು ಕೇಕು. ಆ ಸದ್ದಿಲ್ಲದ ಮೆಟ್ಟಿಲು ಹೋದ ವರ್ಷದ ನಗುವಿಗಿಂತ ಹೆಚ್ಚು ಹೆದರಿಸಿತು. ಆದರೂ ಹತ್ತಿದ. ಬಾಗಿಲಿಗೆ ಹಬ್ಬದ ವಿಲೋ ಟೊಂಗೆ ಸಿಕ್ಕಿಸಿತ್ತು. ಗಂಟೆ ಒತ್ತಿದ. ಒಳಗೆ ಕುರ್ಚಿ ಸರಿದ ಸದ್ದು, ಒಂದೇ ಕುರ್ಚಿಯದು.

ನೆವೆನಾ ಬಾಗಿಲು ತೆರೆದಳು. ಹೂವು ನೋಡಿದಳು, ಅವನನ್ನು ನೋಡಿದಳು.

"ಎಷ್ಟು ಹೊತ್ತು ಹಿಡೀತು ತೆರೆಯೋಕೆ?"

"ಹನ್ನೊಂದು ನಿಮಿಷ."

"ನನ್ನ ಲೆಕ್ಕದಲ್ಲಿ ಎರಡು ವರ್ಷ." ಪಕ್ಕಕ್ಕೆ ಸರಿದಳು. "ಬನ್ನಿ, ಮೀನು ಆರ್ತಾ ಇದೆ."

ಅಡುಗೆಮನೆಗೆ ಅವಳ ಹಿಂದೆ ಹೋದ. ಮೇಜಿನ ಮೇಲೆ ಆರು ತಟ್ಟೆ ಜೋಡಿಸಿತ್ತು, ಒಂದೂ ಕೊಳೆಯಾಗಿರಲಿಲ್ಲ. ಅವಳ ಒಲೆ ಕಿಟಕಿಯ ಕೆಳಗೇ ಇತ್ತು. ಕಿಟಕಿಗೆ ಅರ್ಧ ಕರ್ಟನ್ ಮಾತ್ರ ಉಳಿದಿತ್ತು, ಅದರ ಅಂಚು ಸುಟ್ಟು ಕಂದಾಗಿತ್ತು.