ಎಣ್ಣೆ ಸಾಲದು

ಮೈದಾನದಲ್ಲಿ ಯಾರ ವಿಮಾನ ಕೆಮ್ಮಲಿ, ಹೊಗೆ ಉಗುಳಲಿ, ಮುನಿಸಿಕೊಂಡ ಮಗುವಿನ ಹಾಗೆ ಸುಮ್ಮನೆ ಕೂರಲಿ, ದಂತವೈದ್ಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದು ನಿಲ್ಲುತ್ತಿದ್ದರು. ಪ್ರೊಪೆಲ್ಲರನ್ನು ಬೆರಳಿನಿಂದ ಒಮ್ಮೆ ತಿರುಗಿಸಿ, ಕಣ್ಣು ಮುಚ್ಚಿ, ತೀರ್ಪು ಕೊಡುತ್ತಿದ್ದರು: ಎಣ್ಣೆ ಸಾಲದು. ಹಲ್ಲುನೋವೆಂದು ಬಂದವರಿಗೂ ಅವರು ಇಷ್ಟು ಬೇಗ ಕಾಯಿಲೆ ಹೇಳಿದ್ದಿಲ್ಲ. ಕ್ಲಬ್ಬಿನವರು ಬೆನ್ನ ಹಿಂದೆ ಗೇಲಿಗೆಂದು ಅವರನ್ನು ಎಣ್ಣೆ ಡಾಕ್ಟರು ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರು ಬಿರುದೆಂದೇ ತಿಳಿದುಕೊಂಡರು.

ಈ ವಿಮಾನಗಳು ಜನ ಕೂರುವಂಥವಲ್ಲ. ಹಗುರ ಮರದ ಮೈ, ಅದರ ಮೇಲೆ ತೆಳುಹಾಳೆಯ ಚರ್ಮ, ಮೂಗಿನಲ್ಲಿ ಮುಷ್ಟಿಗಾತ್ರದ ಎಂಜಿನ್ನು; ನೆಲದ ಮೇಲೆ ನಿಂತು ರೇಡಿಯೋ ಪೆಟ್ಟಿಗೆ ಹಿಡಿದು ಹಾರಿಸುವಂಥವು. ಆ ಎಂಜಿನ್ನಿಗೆ ಎಣ್ಣೆ ಹಾಕಲು ಬೇರೆ ಜಾಗವಿಲ್ಲ. ಅದು ಕುಡಿಯುವ ಮೆಥನಾಲ್ ಇಂಧನದಲ್ಲೇ ಬೆರೆಸಿ ಕುಡಿಸಬೇಕು. ಕಡಿಮೆಯಾದರೆ ಪಿಸ್ಟನ್ನು ಸುಟ್ಟುಹೋಗುತ್ತದೆ, ಹೆಚ್ಚಾದರೆ ಎಂಜಿನ್ನು ಮೈಗಳ್ಳನಾಗುತ್ತದೆ, ರೆಕ್ಕೆಯೆಲ್ಲ ಜಿಡ್ಡು. ನೂರಕ್ಕೆ ಎಷ್ಟು ಪಾಲು ಎಣ್ಣೆ, ಅದು ಹರಳೆಣ್ಣೆಯೋ ಅಂಗಡಿಯ ಸಿಂಥೆಟಿಕ್ಕೋ ಎಂಬ ಪ್ರಶ್ನೆಗೆ ಕ್ಲಬ್ಬಿನಲ್ಲಿ ಹಳೆಯ ಗೆಳೆತನಗಳೇ ಮುರಿದುಬಿದ್ದಿದ್ದವು. ದೇವರ ವಿಷಯದಲ್ಲಿ ಹೊಂದಿಕೊಂಡು ಹೋಗುವವರೂ ಇಲ್ಲಿ ಪಟ್ಟು ಬಿಡುತ್ತಿರಲಿಲ್ಲ.

ಡಾಕ್ಟರ ವಿಮಾನದ ಹೆಸರು ಹಳದಿ, ಬಣ್ಣವೂ ಅದೇ. ಅದನ್ನು ಕಟ್ಟಿದ್ದು ಅವರು ಮತ್ತು ಅವರ ಭಾವಮೈದುನ, ಅಂದರೆ ಹೆಂಡತಿಯ ತಮ್ಮ. ಅವನದು ಕನ್ನಡಕದ ಅಂಗಡಿ. ರೆಕ್ಕೆ ಅವನ ಕೈಕೆಲಸ, ಎಂಜಿನ್ನು ಇವರದು, ಇಂಧನ ಬೆರೆಸುವ ಕೆಲಸ ಅವನದು. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಮೈದಾನದಲ್ಲಿ, ಮಧ್ಯಾಹ್ನ ಇಬ್ಬರೂ ಒಂದೇ ಮೇಜಿಗೆ ಊಟಕ್ಕೆ. ಹೆಂಡತಿಗೆ ವಿಮಾನ ಹಾರಿದರೂ ಒಂದೇ, ಬಿದ್ದರೂ ಒಂದೇ. ಅವಳಿಗೆ ಬೇಕಾಗಿದ್ದದ್ದು ಆ ಊಟ; ತಮ್ಮ ಎರಡನೇ ಸಲ ಬಡಿಸಿಕೊಳ್ಳುವುದನ್ನು ನೋಡುವುದು ಅವಳ ವಾರದ ಸುಖ.

ದವಾಖಾನೆಯ ಉಪಕರಣಗಳ ಉಸ್ತುವಾರಿಯೂ ಅವಳದೇ. ವರ್ಷದ ಮೊದಲ ಹಾರಾಟದ ಹಿಂದಿನ ದಿನ, ಹುಳುಕು ಹಲ್ಲನ್ನು ಚುಚ್ಚಿ ನೋಡುವ ಕೊಕ್ಕೆ ಕಡ್ಡಿಯೊಂದು ಎಣ್ಣೆಯ ಜಿಡ್ಡು ಮೆತ್ತಿಕೊಂಡು ಟ್ರೇಯಲ್ಲಿ ಬಿದ್ದಿತ್ತು. ಇದನ್ನು ಮುಟ್ಟಿದ್ದು ಯಾರು ಎಂದು ಕೇಳಿದಳು. ಮುಟ್ಟಿದ್ದು ಡಾಕ್ಟರೇ. ಹಳದಿಯ ಟ್ಯಾಂಕು ಬಿಚ್ಚಿ, ಒಳಗೆ ಇಂಧನ ಹೀರುವ ಮೆತ್ತನೆ ಟ್ಯೂಬು ಗಡುಸಾಗಿದೆಯೇ ಎಂದು, ಹಲ್ಲು ಪರೀಕ್ಷಿಸುವ ಶ್ರದ್ಧೆಯಿಂದ, ಆ ಕಡ್ಡಿಯಲ್ಲೇ ಅಲ್ಲಲ್ಲಿ ಒತ್ತಿ ನೋಡಿದ್ದರು. ಭಾವಮೈದುನ ಪಕ್ಕದಲ್ಲೇ ನಿಂತು ನೋಡಿದ್ದ. ಆದರೂ ಅವರ ಬಾಯಿಂದ ಬಂದದ್ದು, "ನಿನ್ನ ತಮ್ಮ ಮುಟ್ಟಿರಬೇಕು" ಎಂಬ ಮಾತು.

ಅವನು ಒಮ್ಮೆ ಭಾವನ ಮುಖ ನೋಡಿದ, ಮತ್ತೆ ತಲೆ ತಗ್ಗಿಸಿ ಅಕ್ಕನ ಬೈಗುಳ ತಿಂದ. ಇನ್ನು ಇದನ್ನು ಯಾರ ಬಾಯಿಗೂ ಇಡುವಂತಿಲ್ಲ, ನೀನೇ ಇಟ್ಟುಕೋ ಎಂದು ಅವಳು ಕಡ್ಡಿಯನ್ನು ಅವನ ಕೈಗೇ ಕೊಟ್ಟಳು. ಅವನು ಜೇಬಿಗೆ ಹಾಕಿಕೊಂಡ. ಡಾಕ್ಟರಿಗೆ ಒಂದು ಗಳಿಗೆ ನಾಚಿಕೆಯಾಯಿತು, ಊಟದ ಹೊತ್ತಿಗೆ ಹೋಯಿತು.

ಆ ಹಾರಾಟದಿಂದಲೇ ಹಳದಿಗೆ ರೋಗ ಹತ್ತಿತು. ನೆಲದ ಮೇಲೆ ಚೆನ್ನಾಗಿ ಗುಡುಗುತ್ತಿತ್ತು, ಮೇಲೇರುತ್ತಿತ್ತು. ಟ್ಯಾಂಕು ಅರ್ಧ ಖಾಲಿಯಾಗುವ ಹೊತ್ತಿಗೆ ದನಿ ಸಣ್ಣಗಾಗಿ, ಕೀರಲಾಗಿ, ಗಪ್ಪನೆ ನಿಂತುಬಿಡುತ್ತಿತ್ತು. ಇಂಧನ ಹೊತ್ತಿಸುವ ಗ್ಲೋ ಪ್ಲಗ್ಗು ಬದಲಾಯಿಸಿದರು, ಇಂಧನದ ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು. ಊಹೂಂ.

"ಭಾವ, ಎಣ್ಣೆ ಅಲ್ಲ ಅನ್ಸುತ್ತೆ" ಎಂದ ಭಾವಮೈದುನ. "ಅರ್ಧ ಟ್ಯಾಂಕಿಗೇ ಯಾಕೆ ನಿಲ್ಬೇಕು? ಒಂದ್ಸಲ ಟ್ಯಾಂಕ್ ಬಿಚ್ಚಿ ನೋಡೋಣ."

"ಟ್ಯಾಂಕನ್ನ ನಾನು ಕೈಯಾರೆ ಪರೀಕ್ಷೆ ಮಾಡಿದೀನಿ" ಎಂದರು ಡಾಕ್ಟರು. ಅಲ್ಲಿಗೆ ಟ್ಯಾಂಕಿನ ವಿಚಾರಣೆ ಮುಗಿಯಿತು. ಉಳಿದ ಅಪರಾಧಿ ಒಬ್ಬನೇ: ನೂರಕ್ಕೆ ಹದಿನೆಂಟು ಪಾಲು ಸಿಂಥೆಟಿಕ್ ಬೆರೆಸುತ್ತಿದ್ದ ಭಾವಮೈದುನ. ಅದನ್ನು ಮನೆಯಲ್ಲಿ ಹೇಳಿದ್ದರೆ ಅದೊಂದು ಲೆಕ್ಕ. ಇಡೀ ಕ್ಲಬ್ಬು ನಿಂತಿದ್ದಾಗ ಹೇಳಿದರು: "ಎಣ್ಣೆ ಉಳಿಸೋಕೆ ಹೋಗಿ ಎಂಜಿನ್ ಕೊಲ್ತಿದೀಯ." ಯಾರೋ ನಕ್ಕರು. ಅವನು ಇಂಧನದ ಡಬ್ಬವನ್ನು ಭಾವನ ಕಾಲ ಬಳಿ ಇಟ್ಟು, ಬೈಕು ಹತ್ತಿ ಹೊರಟುಹೋದ.

ಅಂದಿನಿಂದ ಮೈದಾನಕ್ಕೂ ಬರಲಿಲ್ಲ, ಊಟಕ್ಕೂ ಬರಲಿಲ್ಲ. ಹೆಂಡತಿ ಕೆಲವು ಭಾನುವಾರ ಮೂರನೇ ತಟ್ಟೆ ಇಟ್ಟಳು, ಆಮೇಲೆ ಬಿಟ್ಟಳು. ಗಂಡನೊಂದಿಗೆ ಅಳೆದು ತೂಗಿ ಮಾತಾಡಿದಳು. ಡಾಕ್ಟರಿಗೂ ಸಂಕಟವೇ. ಎಂಜಿನ್ನು ಎಬ್ಬಿಸುವಾಗ ಬಾಲ ಹಿಡಿದುಕೊಳ್ಳಲು ಜನವಿಲ್ಲ ಎಂದು ಅವರು ಗೊಣಗುತ್ತಿದ್ದರು, ನಿಜಕ್ಕೂ ಬೇಕಾಗಿದ್ದುದು ಬಾಲ ಹಿಡಿಯುವ ಜನವಲ್ಲ, ಅವನು.

ಸಂಕಟಕ್ಕೂ ಅವರ ಬಳಿ ಒಂದೇ ಮದ್ದು. ಹರಳೆಣ್ಣೆ ತಂದು ಇಪ್ಪತ್ತೆರಡು ಪಾಲು ಬೆರೆಸಿದರು; ಹಳದಿ ನಿಂತಿತು. ಇಪ್ಪತ್ತೈದು ಮಾಡಿದರು, ಬಿಳಿ ಹೊಗೆ ಬಿಟ್ಟುಕೊಂಡು ನಿಂತಿತು. ಇಪ್ಪತ್ತೆಂಟಕ್ಕೆ ಏರಿಸಿದ ದಿನ ನಿಂತಿದ್ದು ಮಾತ್ರವಲ್ಲ, ಪೊದೆಯೊಳಗೆ ಮೂತಿ ಹೂತು ಬಿತ್ತು.

ಮೂತಿ ರಿಪೇರಿ ಮಾಡಲು ಟ್ಯಾಂಕು ಹೊರಗೆ ತೆಗೆಯಲೇಬೇಕಾಯಿತು. ತೆಗೆದ ಮೇಲೆ ಟ್ಯೂಬನ್ನು ನೀರಿನ ಲೋಟದಲ್ಲಿ ಅದ್ದಿ, ಒಂದು ತುದಿ ಮುಚ್ಚಿ, ಇನ್ನೊಂದರಿಂದ ಊದಿದರು. ನಡುವಿನಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಟ್ಯೂಬನ್ನು ದೀಪಕ್ಕೆ ಹಿಡಿದು ನೋಡಿದರು. ಸೂಜಿಮೊನೆಯ ತೂತು, ಬಲು ಅಚ್ಚುಕಟ್ಟು. ಯಾವ ಕಡ್ಡಿಯ ತೂತೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಕಡ್ಡಿ ಹಿಡಿದೇ ಅವರು ಜೀವನ ಸಾಗಿಸಿದವರು. ತೂತು ಮುಳುಗಿರುವ ತನಕ ಎಂಜಿನ್ನಿಗೆ ಇಂಧನ. ಮಟ್ಟ ಇಳಿದು ತೂತು ಹೊರಗೆ ಬಿದ್ದರೆ ಬರೀ ಗಾಳಿ. ನೂರಕ್ಕೆ ನೂರು ಪಾಲು ಎಣ್ಣೆ ಹಾಕಿದ್ದರೂ ನಿಲ್ಲುತ್ತಿತ್ತು. ಹುಳುಕು ಇದೆಯೇ ಎಂದು ಹುಡುಕಲು ಹೋಗಿ ಹುಳುಕು ಮಾಡಿಟ್ಟಿದ್ದರು.

ಸಂಜೆ ಕನ್ನಡಕದ ಅಂಗಡಿಯವರೆಗೂ ಹೋದರು. ಗಾಜಿನಾಚೆ ಅವನು ಒಬ್ಬ ಮುದುಕಿಯ ಮೂಗಿಗೆ ಚೌಕಟ್ಟು ಹೊಂದಿಸುತ್ತಿದ್ದ. ಡಾಕ್ಟರು ಹೊರಗಿನ ಚೌಕಟ್ಟುಗಳನ್ನೆಲ್ಲ ನೋಡಿದರು, ಕೆಮ್ಮಿದರು, ಹಿಂದಿರುಗಿದರು. ಮೊದಲು ಹಳದಿ ಹಾರಲಿ, ಆಮೇಲೆ ಹೇಳಿದರಾಯಿತು ಎಂದು ತಮಗೆ ತಾವೇ ವಾಯಿದೆ ಕೊಟ್ಟುಕೊಂಡರು.

ಹೊಸ ಟ್ಯೂಬಿನ ಹಳದಿ ಭಾನುವಾರ ಅದೇ ಇಪ್ಪತ್ತೆಂಟು ಪಾಲಿನಲ್ಲಿ ಕೊನೆಯ ಹನಿಯವರೆಗೂ ಹಾರಿತು. ಕ್ಲಬ್ಬಿನವರು ಚಪ್ಪಾಳೆ ತಟ್ಟಿದರು, ಹಳದಿಗಲ್ಲ, ಹರಳೆಣ್ಣೆಗೆ. ಕ್ಲಬ್ಬಿನ ಅಧ್ಯಕ್ಷರಾದ ಬೇಕರಿಯ ಯಜಮಾನರು, ಇನ್ನು ಮೇಲೆ ಎಲ್ಲರಿಗೂ ಇಪ್ಪತ್ತೆಂಟು ಪಾಲು ಹರಳೆಣ್ಣೆಯೇ ನಿಯಮ ಎಂದು ಸಾರಿದರು. ಡಾಕ್ಟರು ನಿಜ ಹೇಳಲು ಬಾಯಿ ತೆರೆದರು. ತೆರೆದ ಬಾಯಿಗೆ ಅಧ್ಯಕ್ಷರು ಕೇಕಿನ ತುಂಡಿಟ್ಟರು. ಕೇಕು ಚೆನ್ನಾಗಿತ್ತು.

ಸುದ್ದಿ ಕೇಳಿ ಭಾವಮೈದುನ ತಾನಾಗಿ ಊಟಕ್ಕೆ ಬಂದ. ಅಕ್ಕ ಮೂರನೇ ತಟ್ಟೆ ತಂದಿಟ್ಟಳು.

"ನಂದೇ ತಪ್ಪು ಭಾವ" ಎಂದ. "ಎಲ್ಲರ ಮುಂದೆ ಡಬ್ಬ ಬಿಟ್ಟು ಹೋಗಬಾರದಿತ್ತು."

"ಆಗಿದ್ದು ಆಯ್ತು, ಬಿಡು" ಎಂದರು ಡಾಕ್ಟರು. ತಮ್ಮ ತಪ್ಪಿಗೆ ಇನ್ನೊಬ್ಬನನ್ನು ಕ್ಷಮಿಸುವುದು ಇಷ್ಟು ಸಲೀಸೆಂದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಬಹಳ ದಿನಗಳ ಮೇಲೆ ಅವರಿಗೂ ಕೇಳಿ ಬಡಿಸಿದಳು. ಅವರು ಕೇಕಿನ ಕತೆಯನ್ನು ಎರಡು ಸಲ ಹೇಳಿದರು. ಇಂಥ ಊಟವನ್ನು ಒಂದು ತೂತಿಗೋಸ್ಕರ ಯಾವ ಬುದ್ಧಿವಂತ ಕೆಡಿಸುತ್ತಾನೆ?

ಮುಂದಿನ ವಾರ ಕ್ಲಬ್ಬಿನ ವಾರ್ಷಿಕ ಮೇಳ. ಪಶ್ಚಾತ್ತಾಪ ಪಟ್ಟ ಭಾವಮೈದುನ ಎಲ್ಲರ ವಿಮಾನದ ಆರೈಕೆಯನ್ನೂ ತಲೆ ಮೇಲೆ ಹೊತ್ತುಕೊಂಡ. ಹಳದಿಯೊಂದನ್ನು ಬಿಟ್ಟು, ಅದು ಭಾವನ ಕೈಯಲ್ಲಿ ಪಳಗಿದ್ದು. ಹರಳೆಣ್ಣೆಯನ್ನು ಹನಿ ಲೆಕ್ಕದಲ್ಲಿ ಅಳೆದು ಬೆರೆಸಿದ.

ಮೇಳದ ದಿನ ಮೊದಲು ಏರಿದ್ದು ಅಧ್ಯಕ್ಷರ ವಿಮಾನ. ಟ್ಯಾಂಕು ಅರ್ಧವಾಗುವಷ್ಟರಲ್ಲಿ ದನಿ ಸಣ್ಣಗಾಗಿ, ಕೀರಲಾಗಿ, ನಿಂತು, ಬೇಲಿಗೆ ಬಡಿಯಿತು. ಎರಡನೆಯದೂ ಹಾಗೆಯೇ ನೆಲಕಚ್ಚಿತು. ಮೂರನೆಯದು ಬಿದ್ದಾಗ ಎಲ್ಲರೂ ಭಾವಮೈದುನನ ಸುತ್ತ ನಿಂತಿದ್ದರು. ಮತ್ತೆ ಎಣ್ಣೆ ಕಡಿಮೆ ಹಾಕಿದ್ದಾನೆ, ಹಳೆಯ ಚಾಳಿ ಎಂದರು. ಅವನ ಮುಖ ಸುಣ್ಣವಾಗಿತ್ತು.

"ಇಪ್ಪತ್ತೆಂಟಕ್ಕೆ ಒಂದು ಹನಿ ಕಮ್ಮಿ ಇಲ್ಲ" ಎಂದ. "ಟ್ಯೂಬನ್ನೂ ಬಿಟ್ಟಿಲ್ಲ. ಭಾವ ಮಾಡೋ ಹಾಗೇ, ಒಂದೊಂದನ್ನೂ ಇದರಲ್ಲಿ ಒತ್ತಿ ನೋಡಿದೀನಿ." ಜೇಬಿನಿಂದ ಕಡ್ಡಿ ತೆಗೆದು ತೋರಿಸಿದ.

ಡಾಕ್ಟರು ಕಡ್ಡಿಯನ್ನು ಗುರುತಿಸಿದರು. ಎಲ್ಲರೂ ತೀರ್ಪಿಗಾಗಿ ಅವರ ಕಡೆ ತಿರುಗಿದರು. ಎರಡೇ ಪದ, ನಾಲಿಗೆಗೆ ಪಳಗಿದ್ದವು, ಅಲ್ಲೇ ತುದಿಯಲ್ಲಿದ್ದವು. ಹೇಳಿದರೆ ಇವನು ಇನ್ನೊಮ್ಮೆ ಬೈಕು ಹತ್ತುತ್ತಾನೆ, ಮತ್ತೆ ಬರುವುದಿಲ್ಲ.

"ಎಣ್ಣೆ ಅಲ್ಲ" ಎಂದರು.

ಅಧ್ಯಕ್ಷರ ಟ್ಯಾಂಕು ಬಿಚ್ಚಿ, ಟ್ಯೂಬನ್ನು ಬಕೆಟ್ಟಿನಲ್ಲಿ ಅದ್ದಿ ಊದಿ ಗುಳ್ಳೆ ತೋರಿಸಿದರು. ಈ ಕಡ್ಡಿಯಿಂದ ಒತ್ತಿದರೆ ಟ್ಯೂಬು ತೂತಾಗುತ್ತದೆ, ಹಳದಿಗೂ ಆದದ್ದು ಅದೇ, ಅದನ್ನು ತೂತು ಮಾಡಿದ್ದು ನಾನೇ, ಎಣ್ಣೆಗೂ ಅದಕ್ಕೂ ಸಂಬಂಧವಿರಲಿಲ್ಲ, ಇವನು ನನ್ನನ್ನು ನೋಡಿ ಕಲಿತ ಅಷ್ಟೇ ಎಂದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಹೇಳಿ ಹಗುರಾಗಿ ನಿಂತರು.

ಕ್ಲಬ್ಬಿನವರು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ಆಮೇಲೆ ಅಧ್ಯಕ್ಷರು ಅವರ ಹೆಗಲ ಮೇಲೆ ಕೈಯಿಟ್ಟರು.

"ಎಂಥ ದೊಡ್ಡ ಮನಸ್ಸು ಡಾಕ್ಟ್ರೆ ನಿಮ್ಮದು. ಭಾವಮೈದುನನ್ನ ಉಳಿಸೋಕೆ ಎಲ್ಲಾ ನಿಮ್ಮ ಮೈಮೇಲೆ ಹಾಕ್ಕೊಂಡ್ರಿ. ಆದ್ರೆ ನಮ್ಮ ಟ್ಯೂಬ್ ಚುಚ್ಚಿದ್ದು ನೀವಲ್ಲವಲ್ಲ."

ಅದು ನಿಜ, ಚುಚ್ಚಿದ್ದು ಅವನೇ. ಡಾಕ್ಟರು ಎಷ್ಟು ಒತ್ತಿ ಹೇಳಿದರೋ ಅಷ್ಟು ದೊಡ್ಡವರಾಗುತ್ತ ಹೋದರು. ಕೊನೆಗೆ ಭಾವಮೈದುನ ಇನ್ನು ಯಾರ ವಿಮಾನವನ್ನೂ ಮುಟ್ಟಕೂಡದು ಎಂದೂ, ಇಪ್ಪತ್ತೆಂಟು ಪಾಲಿನ ನಿಯಮ ಹಾಗೇ ಇರಲಿ ಎಂದೂ ತೀರ್ಮಾನವಾಯಿತು. ನಂಬಿದವನು ಒಬ್ಬನೇ.

"ಹಳದಿದೂ ಅದೇನಾ ಭಾವ?" ಎಂದು ಅವನು ಮೆಲ್ಲಗೆ ಕೇಳಿದ. ಡಾಕ್ಟರು ಹೌದೆಂದು ತಲೆಯಾಡಿಸಿದರು. ಅವನು ಕಡ್ಡಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಅಕ್ಕನಿಗೆ ಮಾತು ಕೊಟ್ಟಿದ್ದರಿಂದ ಊಟಕ್ಕೆ ಬಂದ. ಮೇಳ ಹೇಗಾಯಿತು ಎಂದು ಅವಳು ಬಡಿಸುತ್ತಲೇ ಕೇಳಿದಳು. ಅವನು ಕಡ್ಡಿಯನ್ನು ಅವಳ ತಟ್ಟೆಯ ಪಕ್ಕದಲ್ಲಿಟ್ಟ.

"ಅಕ್ಕ, ಇದನ್ನ ಆವತ್ತು ಎಣ್ಣೆ ಮಾಡಿದ್ದು ನಾನಲ್ಲ. ಮಿಕ್ಕಿದ್ದು ಭಾವ ಹೇಳ್ತಾರೆ."

ಹೇಳಿ ಊಟಕ್ಕೆ ಕೈ ಹಾಕಿದ. ಅವಳು ಕಡ್ಡಿಯನ್ನು ಎತ್ತಿ ಮೂಸಿದಳು, ಗಂಡನ ಕಡೆ ನೋಡಿದಳು. ಇಡೀ ಕ್ಲಬ್ಬಿನೆದುರು ತಡವರಿಸದೆ ಮಾತಾಡಿ ಬಂದಿದ್ದ ಡಾಕ್ಟರು ತಲೆ ಎತ್ತದೆ ಅನ್ನ ಕಲಸತೊಡಗಿದರು. ಅವಳು ಸೌಟನ್ನು ಕೆಳಗಿಟ್ಟು ಕುಳಿತಳು.

"ಹೇಳಿ" ಎಂದಳು. "ಇಲ್ಲಿ ಬಾಯಿಗೆ ಕೇಕ್ ಇಡೋರು ಯಾರೂ ಇಲ್ಲ."

ಡಾಕ್ಟರು ಹೇಳಿದರು. ಅವಳು ಒಂದೊಂದು ಮಾತನ್ನೂ ನಂಬಿದಳು.