ಜಾರಿದ ಒಂದೆಳೆ

ಮಾರ್ಚ್ ಮುಗಿಯುತ್ತ ಬಂದಿತ್ತು. ಬೆಟ್ಟದ ನೆತ್ತಿಯಲ್ಲಿ ಹಿಮ ಹಾಗೇ ಇದ್ದರೂ ಕೆಳಗೆ ಬೆಟ್ಟಗಳ ನಡುವೆ ಒಳಚಾಚಿದ ಕಡಲತೋಳಿನ ದಡದಲ್ಲಿ ಸೇಬಿನ ಮರಗಳ ರೆಂಬೆ ಸವರುವ ಕೆಲಸ ಸಾಗಿತ್ತು. ಟೋರುನ್ ಮಧ್ಯಾಹ್ನದವರೆಗೆ ಏಣಿಯ ಮೇಲಿದ್ದು, ಇಳಿದು, ಸಕ್ಕರೆಗೆ ಎಣ್ಣೆ ಬೆರೆಸಿ ಒರಟು ಕೈ ತಿಕ್ಕಿ ತೊಳೆದು ಪಕ್ಕದ ತೋಟದ ಮಾರ್ಗಿಟಕ್ಕನ ಮನೆಗೆ ನಡೆದಳು. ತಿಕ್ಕದಿದ್ದರೆ ಬೆರಳಿನ ಒಡಕಿಗೆ ಲಿನನ್ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತಿತ್ತು.

ಐವತ್ತು ದಾಟಿದ ಮೇಲೆ, ಬಟ್ಟೆಯ ಎಳೆ ಎಣಿಸಿ ಹೊಲಿದು ಕತ್ತರಿಸುವ ಹಾರ್ಡಾಂಗರ್ ಕಸೂತಿ ಕಲಿಯಲು ಹೊರಟವಳನ್ನು ಕಂಡು ಊರು ನಕ್ಕಿತ್ತು. ಕುರಿಗೆ ಹೆರಿಗೆ ಮಾಡಿಸುವ ಕೈಗೆ ಸೂಜಿ ಯಾಕೆ ಎಂದು ಗಂಡನೇ ಕೇಳಿದ್ದ. ಅವಳ ಮದುವೆಯ ವರ್ಷ ತವರುಮನೆ ಸುಟ್ಟು ಹಬ್ಬದ ಉಡುಪೆಲ್ಲ ಬೂದಿಯಾದಾಗ, ಚಳಿಗಾಲವಿಡೀ ಕೂತು, ಹಬ್ಬದ ಲಂಗದ ಮೇಲೆ ಕಟ್ಟುವ ಬಿಳಿ ಏಪ್ರನ್ನಿಗೆ ಕಸೂತಿಯ ಅಂಚು ಹೊಲಿದುಕೊಟ್ಟವಳು ಮಾರ್ಗಿಟಕ್ಕ. ದುಡ್ಡು ಮುಟ್ಟಲಿಲ್ಲ. ಆಮೇಲೆ ಚೆರಿ ಹಣ್ಣು ಕಳಿಸಿದರೆ ಅದೇ ಬುಟ್ಟಿಯಲ್ಲಿ ಚೀಸ್ ವಾಪಸು ಬರುತ್ತಿತ್ತು. ಹೊಲಿಗೆಯ ಋಣ ಹೊಲಿಗೆಯಲ್ಲೇ ತೀರಬೇಕೆಂದು ಟೋರುನ್ ಆಗಲೇ ತಿಳಿದುಕೊಂಡಿದ್ದಳು. ಈಗ ಮುದುಕಿಯ ಕಣ್ಣು ಮಂಜಾಗಿತ್ತು. ಅವಳ ಮೊಮ್ಮಗಳು ರಾಂಡಿಗೆ ಮೇ ತಿಂಗಳಲ್ಲಿ ಚರ್ಚಿನಲ್ಲಿ ದೃಢೀಕರಣ, ಹರೆಯದವರು ಹಬ್ಬದ ಉಡುಪು ತೊಟ್ಟು ನಿಲ್ಲುವ ವಿಧಿ. ಅವಳ ಏಪ್ರನ್ ನಾನು ಹೊಲಿಯುತ್ತೇನೆ, ನೀವು ಕಲಿಸಿ ಎಂದು ಟೋರುನ್ ಬಂದು ಕೂತಿದ್ದಳು.

ನಾಲ್ಕು ಎಳೆಯ ಮೇಲೆ ಐದು ಹೊಲಿಗೆ ಹಾಕಿದರೆ ಒಂದು ಕಟ್ಟು. ಮೂಲೆ ತಿರುಗುವಾಗ ಹಿಂದಿನ ತೂತಿನಲ್ಲೇ ಸೂಜಿ ಇಳಿಯಬೇಕು. ಕಟ್ಟುಗಳು ಎದುರುಬದುರು ನಿಂತ ಮೇಲೆ ನಡುವಿನ ಎಳೆ ಕತ್ತರಿಸಿ ತೆಗೆದರೆ ಕಿಂಡಿ ಮೂಡುತ್ತದೆ. ತಪ್ಪಿ ಕತ್ತರಿಸಿದರೆ ಬಟ್ಟೆಯೇ ಹಾಳು.

ಅವತ್ತು ಮೊದಲ ಸಲ ಕತ್ತರಿ ಹಾಕಬೇಕಿತ್ತು. ಬಟ್ಟೆಯ ಮೇಲೆ ಬೆರಳಾಡಿಸುತ್ತ ಹೋದ ಮಾರ್ಗಿಟಕ್ಕ ಒಂದು ಮೂಲೆಯಲ್ಲಿ ತಡೆದಳು.

"ಇಲ್ಲೊಂದೆಳೆ ಜಾರಿದೆ ಕಣೇ. ತಿರುಗೋವಾಗ ಪಕ್ಕದ ತೂತಿಗೆ ಇಳಿದಿದೀಯ."

ಟೋರುನ್ ಎಣಿಸಿ ನೋಡಿದಳು. ನಿಜ. ಅಲ್ಲಿಂದ ಮುಂದೆ ವಾರಗಟ್ಟಲೆ ಮಾಡಿದ ಕೆಲಸವೆಲ್ಲ ಒಂದೆಳೆ ವಾಲಿತ್ತು. ಅಲ್ಲಿ ಕತ್ತರಿಸುವುದೇ ಬೇಡ, ಮೇಲೊಂದು ನಕ್ಷತ್ರ ಹೊಲಿದು ಮುಚ್ಚಿಬಿಡು, ಯಾರಿಗೂ ತಿಳಿಯೋಲ್ಲ ಎಂದಳು ಮುದುಕಿ.

"ನೀವು ಯಾವತ್ತಾದ್ರೂ ಹಾಗೆ ಮುಚ್ಚಿದ್ದಿದೆಯಾ?"

"ನಿನ್ನ ಮದುವೆ ಏಪ್ರನ್ನಿನಲ್ಲೇ. ಎಡಗಡೆ ಒಂದು ನಕ್ಷತ್ರ ಜಾಸ್ತಿ ಇದೆ. ಇಷ್ಟು ವರ್ಷ ಕಟ್ಕೊಂಡು ಮೆರೆದೆಯಲ್ಲ, ಕಂಡಿತಾ?"

ಟೋರುನ್‌ಗೆ ನಗು ಬಂತು. ನಗುತ್ತಲೇ ಹೊಲಿಗೆ ಎತ್ತಿ ಬಿಚ್ಚತೊಡಗಿದಳು. ಮೇ ತಿಂಗಳು ನಿನಗಾಗಿ ಕಾಯೋಲ್ಲ, ಕುರಿ ಈಯುವ ಕಾಲ ಬೇರೆ ಬಂತು ಎಂದು ಮುದುಕಿ ಬೈದಳು. ಟೋರುನ್ ಕೈ ನಿಲ್ಲಲಿಲ್ಲ.

ಕೊಟ್ಟಿಗೆಯಲ್ಲಿ ಕುರಿ ನೋವು ತಿನ್ನುವುದನ್ನು ಕಾಯುತ್ತ ಹೊಲಿದಳು, ಆಲೂಗಡ್ಡೆ ಬೇಯುವಷ್ಟರಲ್ಲಿ ಹೊಲಿದಳು. ಕೊನೆಗೆ ಗಂಡನೇ ಆಲೂಗಡ್ಡೆ ಬೇಯಿಸಲು ಕಲಿತ. ಪ್ಲಮ್ ಗಿಡ ಹೂ ಬಿಡುವ ಹೊತ್ತಿಗೆ ಕಟ್ಟುಗಳು ಎದುರುಬದುರು ನಿಂತವು. ಮಾರ್ಗಿಟಕ್ಕನ ಎದುರು ಕೂತು, ಸಣ್ಣ ಕತ್ತರಿಯ ಮೊನೆಯನ್ನು ಹೊಲಿಗೆಯ ಬುಡಕ್ಕೆ ಒತ್ತಿ ನಾಲ್ಕು ಎಳೆ ಕತ್ತರಿಸಿದಳು. ಎಳೆ ಹೊರಬಂತು, ಕಟ್ಟು ಅಲುಗಲಿಲ್ಲ.

ಮುದುಕಿ ಕಿಂಡಿಗೆ ಬೆರಳ ತುದಿ ಇಟ್ಟು ಅದರ ನಾಲ್ಕೂ ಅಂಚು ಸವರಿದಳು.

"ನಿನ್ನ ಋಣ ತೀರಿತು. ಏಳು, ಕಾಫಿ ಕುಡಿ."

"ಇನ್ನೂ ಅರ್ಧ ಅಂಚಿದೆ ಅಕ್ಕ. ತೀರಿದ ದಿನ ನಾನೇ ಹೇಳ್ತೀನಿ," ಎಂದು ಟೋರುನ್ ಮುಂದಿನ ಎಳೆಗಳನ್ನು ಎಣಿಸತೊಡಗಿದಳು.